ನೂರ ನಲವತ್ತು ಜನಕ್ಕೆ ಒಬ್ಬಳೇ ಅಕ್ಕ

ಬೆಳಗಿನ ಐದೂವರೆ. ಟೈಲರ್ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಸುತ್ತ ಏಳು ಜನ ಕೂತಿದ್ದಾರೆ. ಮೇಜಿನ ತುದಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು, ಕೈಯಲ್ಲಿ ಸ್ಟಾಪ್‌ವಾಚ್. ಲ್ಯಾಬ್ ಟೆಕ್ನೀಶಿಯನ್ ಒಬ್ಬರು ತಮ್ಮ ಮೊದಲ ಸೈಕಲ್ಲಿನ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ. ಹೇಳಿ ಮುಗಿಯಿತೋ ಇಲ್ಲವೋ, ಆಕೆಯ ಪ್ರಶ್ನೆಗಳು ಶುರು. ಸೈಕಲ್ಲಿನ ಬಣ್ಣ ಯಾವುದು? ಚೈನು ಬಿದ್ದಾಗ ಯಾರು ಹಾಕಿಕೊಡುತ್ತಿದ್ದರು? ಟೆಕ್ನೀಶಿಯನ್ ಹಣೆ ಒರೆಸಿಕೊಳ್ಳುತ್ತಾರೆ.

“ಇದನ್ನೆಲ್ಲಾ ಪರೀಕ್ಷೆಲಿ ಕೇಳ್ತಾರಾ ಮೇಡಂ?”

“ಕೇಳ್ತಾರಪ್ಪಾ. ಕೇಳಿ ಆಗಿದೆ,” ಎನ್ನುತ್ತಾರೆ ಆಕೆ. ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸುತ್ತಾರೆ.

ಓಣಿಯವರೆಲ್ಲ ಇವರನ್ನು ‘ಎರಡು ನಿಮಿಷದ ಮೇಡಂ’ ಎನ್ನುತ್ತಾರೆ. ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದರೆ ಇಂಗ್ಲಿಷ್ ಬರುತ್ತದೆಂದು ತೋರಿಸುವ ಪರೀಕ್ಷೆಯೊಂದಿದೆ. ಕೇಳುವುದು, ಓದುವುದು, ಬರೆಯುವುದು ಮುಗಿದ ಮೇಲೆ ಪರೀಕ್ಷಕರ ಎದುರು ಕೂತು ಮಾತಾಡಬೇಕು. ಅವರು ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಮಾತಾಡಲು ಎರಡು ನಿಮಿಷ. ಆ ಎರಡು ನಿಮಿಷಕ್ಕೇ ಘಟಾನುಘಟಿಗಳ ನಾಲಿಗೆ ಅಂಟಿಕೊಳ್ಳುವುದು.

ಮೇಡಂ ಮೊದಲು ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಆಫೀಸು ಮುಚ್ಚಿತು. ಮೈದುನನ ಟೈಲರ್ ಅಂಗಡಿ ಒಂಬತ್ತರವರೆಗೆ ಖಾಲಿ ಇರುತ್ತದೆ ಎಂದು ಇಲ್ಲಿ ಪಾಠ ಶುರುಮಾಡಿದರು. ಹನ್ನೊಂದು ವರ್ಷವಾಯಿತು, ವಾರಕ್ಕೆ ಆರು ದಿನ, ದಿನಕ್ಕೆ ಮೂರು ಗಂಟೆ. ಇವರ ಕೈಯಲ್ಲಿ ಪಳಗಿ ಪರೀಕ್ಷೆಗೆ ಕೂತವರು ನೂರ ನಲವತ್ತು ಜನ. ಮುಂಚೆ ಈ ಸಂಖ್ಯೆಯನ್ನು ಎದೆಯುಬ್ಬಿಸಿ ಹೇಳುತ್ತಿದ್ದರಂತೆ. ಈಗ ಬಾಯಿಬಿಡಿಸಿ ಕೇಳಬೇಕು.

ನಿಜ ಹೇಳುತ್ತೇನೆ, ನಾನು ಇಲ್ಲಿಗೆ ಬಂದದ್ದು ಹೊಗಳಿ ಬರೆಯಲು. ಇಂಥ ಬರಹಕ್ಕೆ ನನ್ನದೊಂದು ಅಚ್ಚೇ ಇದೆ. ಮುಂಜಾವು, ಬಡತನ, ಸೇವೆ, ಸಾರ್ಥಕತೆ. ಹೆಸರು, ಕಸುಬು ಬದಲಾಯಿಸಿದರೆ ಮುಗಿಯಿತು. ಮೇಡಂ ನನ್ನ ಮೊದಲ ಪ್ರಶ್ನೆಗೇ ಕೈ ಅಡ್ಡ ಹಿಡಿದರು.

“ಬರೀಬೇಡಿ. ಬರೆಯೋದೇ ಆದ್ರೆ ನರ್ಸಮ್ಮನ ವಿಷಯಾನೂ ಬರೀಬೇಕು. ಅದನ್ನ ಬಿಟ್ಟು ನನ್ನನ್ನ ಅಟ್ಟಕ್ಕೇರಿಸಿದ್ರೆ ಆ ಹುಡುಗಿ ಓದಿ ಏನಂದ್ಕೊಳ್ಳಲ್ಲ?”

ನರ್ಸಮ್ಮ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ಇಪ್ಪತ್ತೇಳರ ಹುಡುಗಿ. ಸೂಲಗಿತ್ತಿ ವಿದ್ಯೆಯಲ್ಲಿ ದೊಡ್ಡ ಪದವಿ ಓದಬೇಕೆಂದು ಅವಳ ಆಸೆ. ವಿಶ್ವವಿದ್ಯಾಲಯದವರು ಸೀಟು ಕೊಟ್ಟಿದ್ದರು, ಈ ಪರೀಕ್ಷೆಯ ಅಂಕ ಬಂದರೆ ಎಂಬ ಷರತ್ತಿನ ಮೇಲೆ.

ಅವಳು ಈ ಮೇಜಿಗೆ ಬಂದ ಮೊದಲ ವಾರ, ‘ನಿಮಗೆ ನೆರವಾದ ವ್ಯಕ್ತಿ’ ಎಂಬ ಕಾರ್ಡಿಗೆ ತನ್ನ ಸೋದರತ್ತೆಯ ಬಗ್ಗೆ ಹೇಳಿದ್ದಳು. ಅತ್ತೆಗೆ ಓದು ಬರಹ ಇಲ್ಲ. ಇವಳು ನರ್ಸಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಾಗ, ಅತ್ತೆ ಪಾತ್ರೆ ತಿಕ್ಕುತ್ತಾ ದಿನಾ ಪಾಠ ಹೇಳಿಸಿಕೊಂಡಳು. “ನಂಗೆ ತಿಳೀಲಿಲ್ಲ, ಇನ್ನೊಂದ್ಸಲ ಹೇಳು” ಎನ್ನುತ್ತಾ, ತನಗೆ ತಿಳಿಯುವವರೆಗೂ ಬಿಡಲಿಲ್ಲ. ಮೂರನೇ ಸಲ ಹುಡುಗಿ ಪಾಸು.

“ನಾನೇನಂದೆ ಗೊತ್ತಾ?” ಮೇಡಂ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ಓದು ಬರಹ ಇಲ್ಲದವಳ ಕಥೆಗೆ ಯಾರೇ ಮಾರ್ಕ್ಸ್ ಕೊಡ್ತಾರೆ, ಬಿಡು, ಅಂದೆ. ಈ ನನ್ನ ಬಾಯಿಂದಲೇ ಅಂದೆ.”

ಅದರ ಬದಲು ತಮ್ಮ ಹಳೆಯ ಉತ್ತರವನ್ನು ಕೊಟ್ಟರು. ಮೇಡಂಗೆ ಒಂಬತ್ತು ವರ್ಷವಿದ್ದಾಗ ಕಾಲು ಮುರಿದಿತ್ತು. ಅವರ ಅಕ್ಕ ಎರಡು ತಿಂಗಳು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದಳು. ನಡೆದ ಸಂಗತಿ. ಅದನ್ನೇ ಚೆಂದದ ಇಂಗ್ಲಿಷಿನಲ್ಲಿ ಬರೆದು, ಎಲ್ಲರೂ ತಂತಮ್ಮ ಕಥೆಯೆಂದೇ ಹೇಳುವಂತೆ ಗಿಣಿಪಾಠ ಮಾಡಿಸಿದ್ದರು. ಕಾರ್ಡು ಯಾವುದೇ ಬರಲಿ, ಮರೆಯಲಾಗದ ಪಯಣ, ಬಾಲ್ಯದ ನೆನಪು, ಧೈರ್ಯಶಾಲಿ ಹೆಂಗಸು, ಎಲ್ಲಿಂದ ಹೊರಟರೂ ಅಕ್ಕನ ಬೆನ್ನೇರಿದರೆ ಆಯಿತು. ಈ ಕಸುಬಿನಲ್ಲಿರುವ ಬಹಳ ಜನರ ಹತ್ತಿರ ಇಂಥದ್ದೊಂದು ಸರ್ವರೋಗದ ಮಾತ್ರೆ ಇರುತ್ತದೆಯಂತೆ.

ಪರೀಕ್ಷೆಯ ದಿನ ಒಂದೇ ಕೇಂದ್ರದಲ್ಲಿ, ಒಬ್ಬರೇ ಪರೀಕ್ಷಕರ ಮುಂದೆ, ಮೇಡಂನ ನಾಲ್ವರು ವಿದ್ಯಾರ್ಥಿಗಳು. ಮೂವರು ಬಂದು ಅಕ್ಕನ ಬೆನ್ನೇರಿ ಹೋದರು. ನಾಲ್ಕನೆಯವಳು ನರ್ಸಮ್ಮ. ಪರೀಕ್ಷಕರು ಪೂರ್ತಿ ಕೇಳಿಸಿಕೊಂಡು, ನಕ್ಕು, ಒಂದೇ ಪ್ರಶ್ನೆ ಹಾಕಿದರು: ಮುರಿದದ್ದು ಯಾವ ಕಾಲು?

ಅದು ಪಾಠದಲ್ಲಿ ಇರಲಿಲ್ಲ. ಹುಡುಗಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡಳಂತೆ. ದಿನಕ್ಕೆ ಹತ್ತಾರು ಬಾಣಂತಿಯರಿಗೆ ಧೈರ್ಯ ಹೇಳುವವಳ ಬಾಯಿಂದ ಆಮೇಲೆ ಒಂದು ಮಾತೂ ಹೊರಡಲಿಲ್ಲ. ಅರ್ಧ ಅಂಕ ಕಮ್ಮಿ ಬಂತು. ಎರಡು ತಿಂಗಳೊಳಗೆ ತರದಿದ್ದರೆ ಸೀಟು ಬೇರೆಯವರಿಗೆ ಎಂದು ವಿಶ್ವವಿದ್ಯಾಲಯದಿಂದ ಪತ್ರವೂ ಬಂತು.

“ಭೂಮಿ ಬಾಯಿ ಬಿಟ್ರೆ ಸಾಕು ಅನ್ನಿಸ್ತು,” ಎನ್ನುತ್ತಾರೆ ಮೇಡಂ. “ಅವಳಿಗೆ ಅಕ್ಕನೇ ಇಲ್ಲ ಕಣ್ರೀ. ಇದ್ದ ಅತ್ತೇನ ನಾನು ಬೇಡ ಅಂದಿದ್ದೆ.”

ಮೈದುನ ತಮಾಷೆ ಮಾಡದೆ ಬಿಡಲಿಲ್ಲ. “ಅತ್ತಿಗೆ, ಒಂದೇ ಅಳತೆ ಅಂಗಿ ಎಲ್ಲರಿಗೂ ಹೊಲಿದ್ರೆ ನನ್ನನ್ನ ಜನ ಅಟ್ಟಾಡಿಸಿ ಹೊಡೀತಾರೆ!” ಇಸ್ತ್ರಿ ಅಂಗಡಿ ನಡೆಸುವ ಅಕ್ಕ ಸುದ್ದಿ ಕೇಳಿ ಬಂದವರೇ ಸೊಂಟಕ್ಕೆ ಕೈಕೊಟ್ಟು ನಿಂತರಂತೆ. “ನಾನು ಹೊತ್ತಿದ್ದು ನಿನ್ನೊಬ್ಬಳನ್ನ ಕಣೇ. ನೂರ ನಲವತ್ತು ಜನಾನ ಯಾವಾಗ ಹತ್ತಿಸ್ದೆ? ಅದಕ್ಕೇ ಈ ಪಾಟಿ ಬೆನ್ನು ನೋವು!” ಎಲ್ಲರೂ ನಕ್ಕರು. ಮೇಡಂ ಒಬ್ಬರೇ ನಗಲಿಲ್ಲ.

ಆ ಉತ್ತರದ ಹಾಳೆಗಳನ್ನೆಲ್ಲ ಅವತ್ತೇ ಹರಿದು ಹಾಕಿದರು. ನರ್ಸಮ್ಮನ ಮನೆಗೆ ಹೋದರು. ಎರಡು ಸಲ ಅವಳು ಬಾಗಿಲು ತೆರೆಯಲಿಲ್ಲ. ಮೂರನೇ ಸಲ ತೆರೆದದ್ದು ಸೋದರತ್ತೆ. ಮೇಡಂ ಹೊಸಿಲಾಚೆ ನಿಂತೇ ತಪ್ಪೊಪ್ಪಿಕೊಂಡರು, ಅತ್ತೆಯ ಬಗ್ಗೆ ಆಡಿದ್ದ ಮಾತನ್ನೂ ಮುಚ್ಚಿಡದೆ. ಆ ಹೆಂಗಸು ಬಾಗಿಲು ಪೂರ್ತಿ ತೆರೆದು, “ಒಳಗೆ ಬನ್ನಿ, ಅವಳಿಗೆ ಹೇಳ್ಕೊಡಿ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮೇಡಂ ಈಗಲೂ ಹೇಳುತ್ತಾರೆ.

ಆಮೇಲೆ ಐದು ವಾರ ಆ ಅಡುಗೆಮನೆಯಲ್ಲೇ ಪಾಠ ನಡೆಯಿತು. ಹುಡುಗಿ ಹೇಳಬೇಕು, ಮೇಡಂ ಅಡ್ಡಪ್ರಶ್ನೆ ಹಾಕಬೇಕು. ಒಂದೇ ನಿಯಮ, ಸುಳ್ಳು ಹೇಳಕೂಡದು. ಹುಡುಗಿ ಪಾಠ ಕಲಿತಳು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಮರುಪರೀಕ್ಷೆ ಬರೆದು ಬಂದ ಮೇಲೂ ಏನು ಕೇಳಿದರೆಂದು ಹೇಳಲಿಲ್ಲ. ಕೇಳಲು ಮೇಡಂಗೆ ಬಾಯಿ ಬರಲಿಲ್ಲ.

ನಾನು ಎರಡನೇ ಸಲ ಹೋದ ಬೆಳಿಗ್ಗೆ ಷಟರ್ ಕೆಳಗಿಂದ ಬಗ್ಗಿ ಬಂದವಳು ನರ್ಸಮ್ಮನೇ. ಮೈಮೇಲೆ ಇನ್ನೂ ಆಸ್ಪತ್ರೆಯ ಸಮವಸ್ತ್ರ. ಫೋನನ್ನು ಮೇಜಿನ ಮೇಲಿಟ್ಟಳು. ಬೇಕಾದ ಅಂಕ ಬಂದಿದೆ. ಸೀಟು ಉಳಿಯಿತು. ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಮೇಡಂ ಕುರ್ಚಿಯಿಂದ ಎದ್ದಿಲ್ಲ.

“ಯಾವ ಕಾರ್ಡ್ ಬಂತೇ?” ಎಂದು ಕಡೆಗೂ ಕೇಳುತ್ತಾರೆ.

“ತಪ್ಪು ಒಪ್ಪಿಕೊಂಡ ಒಬ್ಬರ ಬಗ್ಗೆ ಹೇಳಿ ಅಂತ. ನಿಮ್ಮನ್ನೇ ಹೇಳ್ದೆ ಮೇಡಂ. ಬಾಗಿಲಲ್ಲಿ ನಿಂತಿದ್ದು, ಅತ್ತೆಗೆ ಹೇಳಿದ್ದು, ಎಲ್ಲಾ.”

ಮೇಡಂ ಮುಖ ಕೆಂಪಾಗುತ್ತದೆ. “ಅಯ್ಯೋ! ಆಮೇಲೆ ಏನು ಕೇಳಿದ್ರು?”

“ಅವರನ್ನ ಕ್ಷಮಿಸಿದೀರಾ ಅಂತ ಕೇಳಿದ್ರು.”

ಮೇಜಿನ ಮೇಲಿಟ್ಟಿದ್ದ ಫೋನನ್ನು ಎತ್ತಿಕೊಳ್ಳುತ್ತಾಳೆ.

“ಇನ್ನೂ ಇಲ್ಲ ಅಂದೆ,” ಎನ್ನುತ್ತಾಳೆ ಹುಡುಗಿ.

ಮೇಡಂ ಅವಳ ಮುಖವನ್ನೇ ನೋಡುತ್ತಾರೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವುದಿಲ್ಲ.

“ಸರಿಯಾಗಿ ಹೇಳಿದ್ದೀಯ,” ಎನ್ನುತ್ತಾರೆ. “ಅದು ನಿನ್ನ ಉತ್ತರ.”