ಹಾರ್ಡ್ ಡಿಸ್ಕಿಗೆ ಹಚ್ಚಿದ ವಿಭೂತಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ನಿವೃತ್ತಿಯಾದ ಮೇಲೆ ಉಳಿಯುವ ಆಸ್ತಿ ಒಂದೇ. ತನ್ನನ್ನು ಬಿಟ್ಟು ಉಳಿದವರೆಲ್ಲ ಮೂಢರು ಎಂಬ ನಂಬಿಕೆ. ನನ್ನಲ್ಲಿ ಅದು ಧಾರಾಳವಾಗಿತ್ತು. ಉಣಕಲ್ಲಿನ ನಮ್ಮ ಓಣಿಯಲ್ಲಿ ಗ್ರಹಣದ ದಿನ ನೀರಿನ ಕೊಡಕ್ಕೆ ಗರಿಕೆ ಹಾಕುವವರು ಯಾರು, ಹೊಸ ಸ್ಕೂಟರಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುವವರು ಯಾರು ಎಂಬ ಪಟ್ಟಿಯೇ ನನ್ನ ತಲೆಯಲ್ಲಿತ್ತು. ಅದರಲ್ಲಿ ಮೊದಲ ಜಾಗ ನನ್ನ ಹೆಂಡತಿಯದು.

ಅವಳು ಹಾಡುತ್ತಿದ್ದಳು. ಸಭೆಯಲ್ಲಲ್ಲ, ಓಣಿಯ ಹೆಣ್ಣುಮಕ್ಕಳ ಜೊತೆ ಕೂತು ವಚನ ಹಾಡುವಷ್ಟು. ಎರಡು ವರ್ಷದ ಹಿಂದೆ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದರು. ಆಪರೇಶನ್ನಿಗೆ ಮೊದಲಿನ ಒಂದು ತಿಂಗಳು ದಿನಾ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ತನಗೆ ಬರುತ್ತಿದ್ದ ಹಾಡುಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡಳು. ನಲವತ್ತು ಹಾಡು. ನಾನು ಅವನ್ನು ಒಂದು ಹಾರ್ಡ್ ಡಿಸ್ಕಿಗೆ ಸಾಗಿಸಿ, ಮೊಬೈಲಿನಲ್ಲಿ ಕಸ ಬೇಡವೆಂದು ಅಲ್ಲಿಂದ ಅಳಿಸಿಬಿಟ್ಟೆ. ಅಚ್ಚುಕಟ್ಟು ನನ್ನ ಇನ್ನೊಂದು ರೋಗ.

ಆಪರೇಶನ್ನಾದ ಮೇಲೆ ಅವಳ ಮಾತೆಲ್ಲ ಪಾಟಿಯ ಮೇಲೆ. ಮೊಬೈಲಿನಲ್ಲಿ ಟೈಪ್ ಮಾಡುವುದು ಅವಳಿಗೆ ಒಗ್ಗಲಿಲ್ಲ, ಮಕ್ಕಳ ಪಾಟಿ ಮತ್ತು ಬಳಪ ಸಾಕು ಎಂದು ಬರೆದು ತೋರಿಸಿದಳು. ಮಧ್ಯಾಹ್ನ ಊಟವಾದ ಮೇಲೆ ಆ ಡಿಸ್ಕನ್ನು ಟಿವಿಗೆ ಹಚ್ಚಿ ತನ್ನ ಹಾಡು ತಾನೇ ಕೇಳುತ್ತಿದ್ದಳು. ನಾನು ಒಂದು ದಿನವೂ ಜೊತೆಗೆ ಕೂಡಲಿಲ್ಲ. ದನಿ ಟಿವಿಯಿಂದ ಬರುವುದು, ದನಿಯವಳು ಎದುರಿಗೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಸುಮ್ಮನೆ ಕೂತಿರುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ಅದನ್ನು ಹೇಳುವ ಧೈರ್ಯವಿಲ್ಲದೆ, ಸಪ್ಪಳ ಕಡಿಮೆ ಮಾಡು ಎಂದು ಗದರುತ್ತಿದ್ದೆ.

ಕಳೆದ ದಸರೆಯ ಖಂಡೆ ಪೂಜೆಗೆ, ಮನೆಯಲ್ಲಿ ದುಡಿಯುವ ವಸ್ತುಗಳನ್ನೆಲ್ಲ ಒರೆಸಿ ದೇವರ ಮುಂದೆ ಸಾಲಾಗಿಟ್ಟಳು. ನಮ್ಮಜ್ಜನ ಕಾಲದಲ್ಲಿ ಅಲ್ಲಿ ಕುಡಗೋಲು, ಕೊಡಲಿ, ತಕ್ಕಡಿ ಇರುತ್ತಿದ್ದವು. ಇವಳ ಸಾಲಿನಲ್ಲಿ ಈಳಿಗೆ, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ನನ್ನ ಲ್ಯಾಪ್‌ಟಾಪ್, ಕೊನೆಗೆ ಅಂಗೈಯಗಲದ ಆ ಕಪ್ಪು ಡಿಸ್ಕ್. ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಒಂದೊಂದು ಚೆಂಡುಹೂವು. ಡಿಸ್ಕಿನ ಒಂದು ಮೂಲೆಗೆ ಮಾತ್ರ ಸುಣ್ಣ ಬಳಿದ ಹಾಗೆ ದಪ್ಪಗೆ ಬಳಿದಿದ್ದಳು. ನಾನು ಮೂಗು ಮುರಿದು ಹೊರಗೆ ಹೋದೆ.

ಮರುದಿನ ಬನ್ನಿ ಕೊಡಲು ಬಂದವರೆಲ್ಲ ಹೋದ ಮೇಲೆ ಅವಳು ಡಿಸ್ಕನ್ನು ಟಿವಿಗೆ ಹಚ್ಚಿದಳು. ಟಿವಿ ಅದರ ಗುರುತೇ ಹಿಡಿಯಲಿಲ್ಲ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಲ್ಯಾಪ್‌ಟಾಪಿಗೆ ಹಚ್ಚಿದರೆ, ಇದನ್ನು ಓದಲಾಗುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಮನೆಯೊಳಗಿನದನ್ನೆಲ್ಲ ಬೀದಿಗೆ ಎಸೆದು ಕಸ ಹೊಡೆಯಲೇ ಎಂದು ಕೇಳಿದ ಹಾಗೆ.

“ವಿಭೂತಿ ಹಚ್ಚಾಕ ಅದಕ್ಕೇನ್ ಹಣಿ ಐತೇನು?” ಎಂದು ಕೂಗಿದೆ. ಅವಳು ಪಾಟಿಯ ಮೇಲೆ ಲಗುಬಗೆಯಿಂದ ಏನೋ ಬರೆಯುತ್ತಿದ್ದಳು. ಅದನ್ನು ಕೈಯಿಂದ ಕಸಿದುಕೊಂಡೆ. ಬರೆದದ್ದನ್ನು ಅಂಗೈಯಿಂದ ಒರೆಸಿ, ಒಂದು ದುಂಡನೆಯ ತಟ್ಟೆ, ಅದರ ಮೇಲೆ ಒಂದು ತೋಳು ಬರೆದು ತೋರಿಸಿದೆ. “ನೋಡ, ಇದರ ನಡುವ ಕೂದಲಿನಷ್ಟೂ ಜಾಗ ಇರೂದಿಲ್ಲ. ಅಲ್ಲಿ ನಿನ್ನ ಬೂದಿ ಹೊಕ್ಕೈತಿ. ಎಂಟನೇತ್ತೆ ಹುಡುಗರಿಗೂ ತಿಳಿಯೂ ಮಾತಿದು.” ಅವಳು ಚಿತ್ರವನ್ನೂ ನನ್ನನ್ನೂ ನೋಡಿ ಒಳಗೆ ಹೋದಳು. ಪಾಠ ಚೆನ್ನಾಗಿ ಆಯಿತೆಂದು ನನಗೆ ಸಮಾಧಾನವೂ ಆಯಿತು.

ಗೋಪನಕೊಪ್ಪದಿಂದ ಅವಳ ತಮ್ಮ ಬಂದ. ಕಂಪ್ಯೂಟರಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ, ಗೊತ್ತಿರುವುದೂ ಏನೂ ಇಲ್ಲ. ಇಂಟರ್ನೆಟ್ಟಿನಿಂದ ಏನೇನೋ ಇಳಿಸಿಕೊಂಡು ಮೂರು ದಿನ ಡಿಸ್ಕನ್ನು ಟಿಕ್‌ಟಿಕ್ ಅನ್ನಿಸಿದ. ಕೊನೆಗೆ, “ಮಾಮಾ, ಒಂದಿನಾ ಫ್ರಿಜ್ಜಿನ್ಯಾಗ ಇಟ್ಟು ನೋಡ್ರಿ, ಭಾಳ ಮಂದೀದು ರಿಪೇರಿ ಆಗೈತಿ” ಎಂದ. ಮೂಢನಂಬಿಕೆಯ ವಿರುದ್ಧ ಊರೂರು ಭಾಷಣ ಮಾಡಿದ ನಾನು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಇಟ್ಟೆ. ತೆಗೆದು ಹಚ್ಚಿದಾಗ ತಣ್ಣಗೆ ಟಿಕ್ ಟಿಕ್ ಎಂದಿತು.

ಆಮೇಲೆ ಹುಬ್ಬಳ್ಳಿಯ ಒಂದು ಹಳೇ ಗಲ್ಲಿಯ ಅಂಗಡಿಗೆ ಹೋದೆ. ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದು, ಈಗ ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಸಾಹೇಬರೊಬ್ಬರ ಅಂಗಡಿ ಅದು. ನನ್ನ ವಯಸ್ಸಿನವರೇ. ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು, ಒಮ್ಮೆ ಹಚ್ಚಿ, ತಟ್ಟನೆ ಕಿತ್ತರು.

“ಟಿಕ್ ಟಿಕ್ ಅಂದಮ್ಯಾಲೂ ಎಷ್ಟು ಸಲ ಹಚ್ಚೀರಿ, ಸರ?”

“ಒಂದ್ ನಾಕೈದು.”

ಅಪ್ಪಟ ಸುಳ್ಳು. ನಲವತ್ತರ ಮೇಲಾಗಿತ್ತು.

“ಒಳಗಿನ ಸೂಜಿ ಪೆಟ್ಟು ತಿಂದೈತ್ರಿ. ಹಚ್ಚಿದಾಗೊಮ್ಮೆ ತಟ್ಟಿ ಮ್ಯಾಲೆ ಗೀರತೈತಿ. ಗೀರಿದಲ್ಲೆ ಏನಿತ್ತೋ ಅದು ಹೋತು.”

ನಾನು ನಗುತ್ತಾ ವಿಭೂತಿಯ ಕಥೆ ಹೇಳಿದೆ. ನಮ್ಮ ಮನೆಯವಳ ಭಕ್ತಿಯ ಪ್ರತಾಪ ಇದು ಎಂದೆ. ಅವರು ನಗಲಿಲ್ಲ. ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು, ಸಣ್ಣ ಕುಂಚದಿಂದ ಆ ದಪ್ಪ ವಿಭೂತಿಯ ಮೂಲೆಯನ್ನು ಕೆದಕಿದರು. ಅಡಿಯಲ್ಲಿ ಒಂದು ಬಿರುಕಿತ್ತು. ಮೂಲೆ ಜಜ್ಜಿಹೋಗಿತ್ತು.

“ಇಲ್ಲೆ ನೋಡ್ರಿ. ವಿಭೂತಿ ಡಿಸ್ಕಿನೊಳಗ ಹೋಗಿಲ್ಲ, ಹೋಗೂದೂ ಇಲ್ಲ. ಆದರ ಬಿರುಕಿನ ತಳದಾಗ ಕುಂತೈತಿ. ಅಂದ್ರ ಬಿರುಕು ಮೊದಲ, ವಿಭೂತಿ ಆಮ್ಯಾಲೆ. ಇದು ಎಲ್ಲಿಂದ ಬಿತ್ರಿ?”

ಆಗ ನೆನಪಾಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನಾನು ಮರೆತಿರಲೇ ಇಲ್ಲ. ಖಂಡೆ ಪೂಜೆಯ ಹಿಂದಿನ ದಿನ ಅವಳ ಹಾಡು ಟಿವಿಯಲ್ಲಿ ನಡೆದಿತ್ತು. ಅವಳು ಅಡುಗೆಮನೆಗೆ ಹೋದದ್ದೇ ತಡ, ಆರು ಜನ ಒಟ್ಟಿಗೆ ಒದರಾಡುವ ಸುದ್ದಿ ನೋಡಲೆಂದು ವೈರು ಹಿಡಿದು ಜಗ್ಗಿದೆ. ಡಿಸ್ಕು ಫರಸಿ ನೆಲದ ಮೇಲೆ ಬಿತ್ತು. ಎತ್ತಿ, ಉಫ್ ಎಂದು ಊದಿ, ಗೋಡೆಯ ಮಾಡದಲ್ಲಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡೆ. ಡಿಸ್ಕು ಕೆಟ್ಟಾಗ ವಿಭೂತಿಯ ನೆಪ ಸಿಕ್ಕಿತೆಂದು, ನಿಜ ಹೇಳಬೇಕೆಂದರೆ, ನನಗೆ ಜೀವ ಬಂದಂತಾಗಿತ್ತು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂದು ಬಾವಿಯ ಮಣ್ಣಿನ ಚಿತ್ರ ಬರೆದು ವರ್ಷ ವರ್ಷ ಕಲಿಸಿದವನು ಆ ಸಾಹೇಬರ ಮುಂದೆ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹೇಳಿದೆ. “ಅದನ್ನ ಕೆಡವಿದಾಂವ ನಾನು. ನಿನ್ನ ವಿಭೂತಿದೇನೂ ತಪ್ಪಿಲ್ಲ.”

ಅವಳು ಪಾಟಿ ತೆಗೆದುಕೊಂಡು ಬರೆದಳು. “ಗೊತ್ತೈತಿ. ಬಾಗಲದಾಗ ನಿಂತು ನೋಡಿದ್ದೆ. ಪೆಟ್ಟಾಗೈತಿ ಅಂತ ಅಲ್ಲೇ ಜಾಸ್ತಿ ಹಚ್ಚಿದ್ದೆ.”

“ಮತ್ತ ಅವತ್ತ ಯಾಕ ಹೇಳಲಿಲ್ಲ? ಅಷ್ಟು ಬೈಸಿಕೊಂಡಿ.”

ಬರೆದದ್ದನ್ನು ಒರೆಸಿ, ಸಾವಕಾಶವಾಗಿ ಮತ್ತೆ ಬರೆದಳು.

“ಬರದಿದ್ದೆ. ನೀವು ಅಳಿಸಿದ್ರಿ.”

ಇಷ್ಟು ದಿನ ನಾನು ಯಾರ್ಯಾರನ್ನು ಹೀಗಳೆದಿದ್ದೆನೋ ಅವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿ, ಅವರ ಮುಂದೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಎನಿಸಿತು. ಮಾಡಲಿಲ್ಲ. ಹೋಗಿ ಚಪ್ಪಲಿ ಬಿಟ್ಟು ಬಂದೆ, ಅಷ್ಟೆ.

ಇಪ್ಪತ್ತು ದಿನ ಕಾದೆವು. ಅಂಥದೇ ಇನ್ನೊಂದು ಡಿಸ್ಕನ್ನು ಹುಡುಕಿ ತರಿಸಿ, ಅದರ ಸೂಜಿ ತೆಗೆದು ಇದಕ್ಕೆ ಕೂರಿಸಬೇಕೆಂದು ಸಾಹೇಬರು ಹೇಳಿದ್ದರು. ಅವಳು ದಿನಕ್ಕೆರಡು ಸಲ ಪಾಟಿಯಲ್ಲಿ “ಫೋನ್ ಬಂತೇನ್ರಿ?” ಎಂದು ಬರೆದು ತೋರಿಸುತ್ತಿದ್ದಳು. ಕೊನೆಗೊಮ್ಮೆ ಫೋನು ಬಂತು. ನಲವತ್ತರಲ್ಲಿ ಹನ್ನೊಂದು ಸಿಕ್ಕಿದ್ದವು. “ಹೆಸರು ಹೋಗ್ಯಾವ್ರಿ ಸರ, ಬರೇ ನಂಬರ್ ಅದಾವ. ಉಳಿದದ್ದು ಗೀರಿ ಪುಡಿ ಆಗೈತಿ” ಎಂದರು. ಅದರಲ್ಲಿ ನನ್ನ ಪಾಲೆಷ್ಟು, ಫ್ರಿಜ್ಜಿನ ಪಾಲೆಷ್ಟು ಎಂದು ನಾನು ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಮೊದಲ ಸಲ ಅವಳ ಪಕ್ಕದಲ್ಲಿ ಕೂತೆ. ಎರಡು ಹಾಡು ಮುಗಿದವು. ಕಣ್ಣು ಮುಚ್ಚಿಕೊಂಡು ಕೇಳಿದೆ. ಮೂರನೆಯ ಹಾಡಿನ ನಡುವೆ ಪಾತ್ರೆಯ ಸಪ್ಪಳದ ಜೊತೆಗೆ ಒಂದು ಒರಟು ದನಿ ನುಗ್ಗಿತು.

“ಏ, ಸಾಕು ಮಾಡ ಇನ್ನ! ಚಾ ಆರಿ ನೀರಾತು. ನಿನಗೇನ್ ರೇಡಿಯೋದವರು ಕರದಾರೇನು?”

ಹಾಡು ನಿಂತಿತು. ಒಂದು ಸಣ್ಣ ನಗು. ಆಮೇಲೆ ಅವಳ ದನಿ. “ಬಂದೆ, ತಡೀರಿ.”

ಅಲ್ಲಿಗೆ ಆ ಫೈಲು ಮುಗಿಯಿತು. ಸಿಕ್ಕ ಹನ್ನೊಂದರಲ್ಲಿ ಅವಳು ಹಾಡದೆ ಮಾತಾಡಿದ್ದು ಅಷ್ಟೇ, ಎರಡು ಶಬ್ದ. ಅಡುಗೆಮನೆಯಿಂದ, ಅಂಗಳದಿಂದ, ಮೂವತ್ತೈದು ವರ್ಷ ನನಗೆ ಓಗೊಟ್ಟ ದನಿ ಅದು. ಆಪರೇಶನ್ನಿನ ದಿನ ಕೂಡ ಬಾರದ ಅಳು ಆಗ ಬಂತು, ತಡೆಯಲಾಗಲಿಲ್ಲ.

ಅವಳು ರಿಮೋಟು ಒತ್ತಿ ಅಷ್ಟನ್ನೇ ಹಿಂದೆ ಹಾಕಿದಳು. ಮತ್ತೆ ನನ್ನ ಒದರಾಟ, ಮತ್ತೆ ಅವಳ ಉತ್ತರ. ಮತ್ತೊಮ್ಮೆ ಹಾಕಿದಳು. ಸದ್ದಿಲ್ಲದ ನಗೆಗೆ ಅವಳ ಹೆಗಲು ಕುಲುಕುತ್ತಿದ್ದವು. ಸೆರಗಿನಿಂದ ಕಣ್ಣೊರೆಸಿಕೊಂಡು ಪಾಟಿಯಲ್ಲಿ ಬರೆದು ನನ್ನ ತೊಡೆಯ ಮೇಲಿಟ್ಟಳು.

“ನಿಮ್ಮ ದನಿ ಭಾಳ ಛಲೋ ಬಂದೈತಿ.”

ಆ ಪಾಟಿಯನ್ನು ಅವಳಾಗಿಯೇ ಅಳಿಸುವ ತನಕ ನಾನು ಮುಟ್ಟಲಿಲ್ಲ.