ಬಣ್ಣದ ಕೆಳಗಿನ ವಿಭೂತಿ

ನಮ್ಮ ಮೋಟಾರಿನ ಮೈಮೇಲೆ ಎಲ್ಲೆಲ್ಲಿ ಬಣ್ಣ ಎದ್ದಿದೆ ಎನ್ನುವುದು ನಮ್ಮವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅವರು ಓಡಿಸಿಕೊಂಡು ಬರುವರು, ಕೈಕಾಲು ತೊಳೆದು ಮಣೆಯ ಮೇಲೆ ಕೂರುವರು. ನಾನು ಅನ್ನ ಬಡಿಸುವ ಮೊದಲು ಒಂದು ಸಲ ಹೊರಗೆ ಹೋಗಿ ಗಾಡಿಯ ಸುತ್ತ ತಿರುಗಿ ಬರುತ್ತಿದ್ದೆ.

ಜರ್ಮನಿ ಯುದ್ಧ ಮುಗಿದ ಹೊಸದು. ಮೈಸೂರಿನಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಹತ್ತಿರ ನಮ್ಮವರು ಡ್ರೈವರಾಗಿದ್ದರು. ಆ ಅಧಿಕಾರಿ ಹೊಸ ಗಾಡಿ ತರಿಸಿಕೊಂಡಾಗ ಹಳೆಯದನ್ನು ಇವರು ಕೊಂಡರು. ಅದಕ್ಕೋಸ್ಕರ ತಮ್ಮೂರು ಕವಲಂದೆಯ ಹೊಲದಲ್ಲಿ ತಮಗೆ ಬರಬೇಕಾದ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟು ಹಣ ತಂದರು. ನಂಜನಗೂಡಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ದಿನಾ ನರಸೀಪುರಕ್ಕೆ ಜನರನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಶುರುಮಾಡಿದರು.

ಮನೆಯೇನು ಮನೆ, ನನ್ನ ಕರ್ಮ! ಒಂದೇ ಕೋಣೆ, ಹೊಗೆ ಹೋಗಲು ದಾರಿಯಿಲ್ಲ, ಇಲಿಗಳ ಕಾಟ ಬೇರೆ. ಆದರೂ ಆ ಒಲೆ ನನ್ನದಾಗಿತ್ತು. ಕವಲಂದೆಯಲ್ಲಿ ಉಗ್ರಾಣದ ಬೀಗದ ಕೈ ನನ್ನ ವಾರಗಿತ್ತಿಯ, ಅಂದರೆ ಭಾವನ ಹೆಂಡತಿಯ, ಸೊಂಟದಲ್ಲಿರುತ್ತಿತ್ತು. ಒಂದು ಹಿಡಿ ಉಪ್ಪು ಬೇಕೆಂದರೂ ಅವಳ ಮುಂದೆ ಹೋಗಿ ನಿಲ್ಲಬೇಕು. "ಯಾಕವ್ವ, ನೆನ್ನೆ ಕೊಟ್ಟಿದ್ದು ಏನಾಯ್ತು? ತಿಂದ್ಬುಟ್ಯಾ?" ಎಂದು ಎಲ್ಲರೆದುರು ಕೇಳುತ್ತಿದ್ದಳು. ಮೋಟಾರು ಓಡುವಷ್ಟು ದಿನ ನಾನು ಆ ಮನೆಗೆ ಹೋಗಬೇಕಾಗಿಲ್ಲ, ನಿಂತ ದಿನ ಹೋಗಲೇಬೇಕು. ಆ ತಗಡಿನ ಮೇಲೆ ನನಗಿದ್ದ ಪ್ರೀತಿಗೆಲ್ಲ ಕಾರಣ ಇದೇ.

ನರಸೀಪುರದ ರಸ್ತೆಗೆ ಆಗ ಜಲ್ಲಿ ಹಾಸಿದ್ದರು. ಚಕ್ರದಿಂದ ಸಿಡಿದ ಕಲ್ಲು ಮಡ್ಗಾರ್ಡಿಗೆ, ಜನ ಕಾಲಿಟ್ಟು ಹತ್ತುವ ಫುಟ್‌ಬೋರ್ಡಿನ ಅಡಿಗೆ ಪಟಪಟ ಬಡಿಯುತ್ತಿತ್ತು. ಬಡಿದಲ್ಲೆಲ್ಲ ಎಳ್ಳಿನಷ್ಟು, ಕಡಲೆಯಷ್ಟು ಬಣ್ಣ ಎದ್ದು ಕಬ್ಬಿಣ ಕಾಣುತ್ತಿತ್ತು. ಎರಡು ದಿನ ಸುಮ್ಮನೆ ಬಿಟ್ಟರೆ ಕೆಂಪಗೆ ತುಕ್ಕು. ಬಾಡಿಗೆಗೆ ಓಡುವ ಗಾಡಿಯನ್ನು ವರ್ಷಕ್ಕೊಮ್ಮೆ ಸಾಹೇಬರೊಬ್ಬರು ಬಂದು ನೋಡಿ ಅಪ್ಪಣೆ ಕೊಡಬೇಕಾಗಿತ್ತು. ತುಕ್ಕು ತಿಂದ ಗಾಡಿಗೆ ಅಪ್ಪಣೆಯಿಲ್ಲ.

ಹಾಗಾಗಿ ನಾವು ಮನೆಯಲ್ಲೇ ವೈದ್ಯಕ್ಕೆ ಇಳಿದೆವು. ನಾನು ಚಾಕುವಿನ ತುದಿಯಿಂದ ತುಕ್ಕು ಕೆರೆದು, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಮೈಸೂರಿನಿಂದ ತಂದ ಬಣ್ಣದ ಡಬ್ಬಿ ಬೇಗ ಮುಗಿದುಹೋಯಿತು. ಆಮೇಲೆ ಕಣ್ಣಿಗೆ ಹಚ್ಚುವ ಕಾಡಿಗೆ ಹಿಡಿಯುವಂತೆಯೇ ದೀಪದ ಮೇಲೆ ತಟ್ಟೆ ಕವಿಚಿ ಮಸಿ ಹಿಡಿದೆ. ಅದನ್ನು ಕಾಯಿಸಿದ ಅಗಸೆ ಎಣ್ಣೆಯಲ್ಲಿ ಅರೆದು ಅದೇ ಡಬ್ಬಿಗೆ ತುಂಬಿಟ್ಟೆ. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಒಂದೊಂದೇ ಚುಕ್ಕೆ ಇಡುತ್ತಿದ್ದೆ. ಪಕ್ಕದ ಮನೆಯವಳು, "ಏನಕ್ಕ, ಮೋಟಾರ್ಗೆ ದಿಷ್ಟಿಬೊಟ್ಟು ಇಡ್ತಾ ಇದ್ದೀಯಾ?" ಎಂದು ನಗುತ್ತಿದ್ದಳು. ನಗಲಿ, ಅವಳಿಗೇನು!

ಆದರೆ ಕೆರೆಯುವುದಕ್ಕೂ ಬಣ್ಣಕ್ಕೂ ನಡುವೆ ನಮ್ಮವರದೊಂದು ಕೆಲಸವಿತ್ತು. ಮಠದಿಂದ ತಂದ ವಿಭೂತಿ ಗಟ್ಟಿಯನ್ನು ಕಪಿಲಾ ಹೊಳೆಯ ನೀರಿನಲ್ಲಿ ತೇಯ್ದು, ಆ ಗುಳಿಗಳಿಗೆ ಬೆರಳಿನಿಂದ ಒತ್ತಿ ತುಂಬುತ್ತಿದ್ದರು.

"ಇದ್ಯಾಕ್ರೀ?" ಎಂದು ಮೊದಲ ಸಲವೇ ಕೇಳಿದೆ.

"ಕಬ್ಬುಣ ಬರೀ ಮೈಲಿರಬಾರ್ದು ಕಣೆ. ಈಬೂತಿ ಆಕುದ್ರೆ ಗುಳಿನೂ ತುಂಬ್ತದೆ, ದೇವ್ರೂ ಕಾಯ್ತಾನೆ."

ನಿಜವಾಗಿಯೂ ಗುಳಿ ತುಂಬುತ್ತಿತ್ತು. ಮೇಲೆ ಬಣ್ಣ ಹಾಕಿದರೆ ಎಲ್ಲಿ ಕಲ್ಲು ಬಡಿದಿತ್ತೆಂದು ಗುರುತೇ ಸಿಗುತ್ತಿರಲಿಲ್ಲ. ನನಗೂ ಸಮಾಧಾನವಾಯಿತು. ಬೆಳಿಗ್ಗೆ ಹಣೆಗೆ ಮೂರು ಬೆರಳು ಎಳೆದುಕೊಂಡು, ಉಳಿದದ್ದನ್ನು ಮೋಟಾರಿಗೆ ಹಚ್ಚಿ ಅವರು ಹೊರಟರೆ ಮನೆಗೇ ಒಂದು ಕಳೆ.

ಎರಡನೆಯ ಮಳೆಗಾಲ ಕಳೆದ ಮೇಲೆ ಬಣ್ಣದ ಮೇಲೆ ಬೊಬ್ಬೆ ಏಳತೊಡಗಿತು. ಬೇರೆಲ್ಲೂ ಅಲ್ಲ, ನಾವು ಮುಚ್ಚಿದ ಚುಕ್ಕೆಗಳ ಮೇಲೆಯೇ. ಒಂದನ್ನು ಉಗುರಿನಿಂದ ಒಡೆದೆ. ಒಳಗೆ ವಿಭೂತಿ ಒದ್ದೆಯಾಗಿ ಕೆಂಪು ಕೆಸರಾಗಿತ್ತು, ಅದರ ಕೆಳಗೆ ತಗಡು ಹಪ್ಪಳದ ಹಾಗೆ ಪುಡಿಯಾಯಿತು. ಅವರನ್ನು ಎಳೆದುಕೊಂಡು ಬಂದು ತೋರಿಸಿದೆ.

"ನೋಡ್ರೀ, ನಿಮ್ಮ ವಿಭೂತಿ ನೀರು ಕುಡಿದು ಒಳಗೇ ಕೂತದೆ. ಕಬ್ಬಿಣಾನೇ ತಿಂದಾಕ್ತಾ ಅದೆ. ನಿಮ್ಮ ದಮ್ಮಯ್ಯ, ಇನ್ಮೇಲೆ ಆಕ್ಬೇಡಿ."

ಅವರ ಮುಖ ಕಪ್ಪಿಟ್ಟಿತು. "ಬಾಯಿ ಮುಚ್ಚು. ಮಠದ ಈಬೂತಿ ತಿಂದಾಕ್ತದಾ? ಯಾರೋ ಕಣ್ಣು ಆಕವ್ರೆ. ಇನ್ನೊಂಚೂರು ದಪ್ಪುಕ್ಕೇ ಆಕ್ಬೇಕು."

ನಾನು ಅತ್ತೆ, ಕೂಗಾಡಿದೆ, ಅನ್ನ ಬಿಟ್ಟೆ. ಅವರು ಕೆಟ್ಟವರಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ಆ ಒಂದು ಮಾತು ಅವರ ಕಿವಿಗೆ ಹೋಗಲಿಲ್ಲ. ನಾನು ಒಂದು ಕಡೆ ಕೆರೆದು ತೆಗೆದರೆ ಇನ್ನೊಂದು ಕಡೆ ಅವರು ತೇಯ್ದು ತುಂಬುವರು. ಸಾಹೇಬರು ಬರುವ ಹಿಂದಿನ ದಿನ ಗಾಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಎಂಗದೆ?" ಎಂದು ನನ್ನನ್ನು ಕೇಳಿದರು. ನಾನು ಒಳಗೆ ಹೋದೆ.

ಸಾಹೇಬರು ಒಳ್ಳೆಯವರೇ. ಹೊಳಪು ನೋಡಿ ಮೆಚ್ಚಿಕೊಂಡರು. ಆಮೇಲೆ ಕೈಯಲ್ಲಿದ್ದ ಬೆತ್ತದಿಂದ ಮಡ್ಗಾರ್ಡನ್ನು ಮೆಲ್ಲಗೆ ತಟ್ಟಿದರು. ಬೆತ್ತ ಒಳಕ್ಕೆ ಹೋಯಿತು. ಇನ್ನೊಂದು ಕಡೆ ತಟ್ಟಿದರು, ಅಲ್ಲೂ ಹೋಯಿತು. ಬೂಟುಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು ಭಾರ ಬಿಟ್ಟಾಗ ಅದನ್ನು ಹಿಡಿದಿದ್ದ ಪಟ್ಟಿ ಮುರಿದು ಬೋರ್ಡು ನೆಲಕ್ಕೆ ಬಿತ್ತು. ಬಿದ್ದಲ್ಲಿ ಕೆಂಪು ಪುಡಿ, ನಡುನಡುವೆ ಬಿಳಿ ಚೂರು.

"ಇದರಲ್ಲಿ ಜನ ಕೂರಿಸೋಕಾಗಲ್ಲಪ್ಪ," ಎಂದರು. ಅಷ್ಟೇ.

"ಸಾ, ಒಂದು ತಿಂಗ್ಳು ಟೈಮ್ ಕೊಡಿ ಸಾ," ಎಂದು ನಮ್ಮವರು ಕೈ ಮುಗಿದರು. ಸಾಹೇಬರು ಅವರ ಹಣೆಯ ವಿಭೂತಿಯನ್ನು ನೋಡಿದರೋ, ನೆಲದ ಮೇಲಿದ್ದದ್ದನ್ನು ನೋಡಿದರೋ ನನಗೆ ತಿಳಿಯದು. ಕೊಡಲಿಲ್ಲ.

ಮೋಟಾರಿಗೆ ಎತ್ತು ಕಟ್ಟಿ ಕವಲಂದೆಗೆ ಎಳೆಸಿದೆವು. ಪಾತ್ರೆಪಡಗ ಅದರೊಳಗೇ ಇದ್ದವು. ದಾರಿಯುದ್ದಕ್ಕೂ ನಮ್ಮವರು, "ದಿಷ್ಟಿ ಕಣೆ, ಎಲ್ಲ ದಿಷ್ಟಿ," ಎನ್ನುತ್ತಲೇ ಇದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ವಾರಗಿತ್ತಿಯ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡಲು ಕಲಿತವು.

ನನ್ನ ಸಾಮಾನಿನಲ್ಲಿ ಬಣ್ಣದ ಡಬ್ಬಿಯನ್ನು ಕಂಡು ವಾರಗಿತ್ತಿ ಅಂದಳು, "ಕರೀ ಬಣ್ಣ ಉಳ್ದದಾ? ಸುಮ್ಕೆ ಯಾಕೆ ಒಣಗುಸ್ತೀಯ, ಉಗ್ರಾಣದ ಚಿಲ್ಕ ತುಕ್ಕು ಇಡುದದೆ, ಅದುಕ್ಕೆ ಬಳಿ."

ಉಗ್ರಾಣದ ಬಾಗಿಲಿನ ಮುಂದೆ ಕೂತು ಚಿಲಕ ಕೆರೆದೆ. ಸೀಮೆಎಣ್ಣೆಯಲ್ಲಿ ಒರೆಸಿದೆ. ಬೇವಿನ ಕಡ್ಡಿ ಜಗಿಯುತ್ತಿರುವಾಗ ನಮ್ಮವರು ಅಂಗೈಯಲ್ಲಿ ವಿಭೂತಿ ತೇಯ್ದುಕೊಂಡು ಬಂದು ಪಕ್ಕದಲ್ಲಿ ಕೂತರು. ನಂಜನಗೂಡು ಬಿಟ್ಟ ಮೇಲೆ ಅವರು ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

"ಆಕ್ಲಾ?" ಎಂದರು.

"ಆಕಿ," ಎಂದೆ. "ದಪ್ಪುಕ್ಕೇ ಆಕಿ."

ಅವರು ಸಂದುಸಂದಿಗೂ ಒತ್ತಿ ತುಂಬಿದರು. ನಾನು ಮೇಲೆ ಬಣ್ಣ ಬಳಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬೊಬ್ಬೆ ಎದ್ದಿದೆಯೇ ಎಂದು ಆ ಚಿಲಕವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದೆ.

ಅದು ಮೋಟಾರಿನ ತಗಡಲ್ಲ, ಊರ ಕಮ್ಮಾರ ಬಡಿದ ಹೆಬ್ಬೆರಳು ದಪ್ಪದ ಕಬ್ಬಿಣ. ನಮ್ಮವರು ಹೋದರು. ವಾರಗಿತ್ತಿಯೂ ಹೋದಳು, ಬೀಗದ ಕೈ ಅವಳ ಸೊಸೆಯ ಸೊಂಟಕ್ಕೆ ಬಂತು. ಚಿಲಕ ಇನ್ನೂ ಗಟ್ಟಿಯಾಗಿದೆ. ಉಪ್ಪು ಬೇಕಾದಾಗ ನಾನೀಗ ಆ ಹುಡುಗಿಯನ್ನು ಕೇಳುತ್ತೇನೆ.