ಸಿಮೆಂಟ್ ಕಣದ ಮೇಲೆ ಕಟ್ಟಿದ ಐಸ್

ಇದನ್ನು ಹೇಳದೆ ಬಹಳ ಕಾಲ ತಳ್ಳಿದೆ. ಮೊದಲು ಹೆಂಡತಿ ಇರುವವರೆಗೆ ಬೇಡವೆಂದುಕೊಂಡೆ, ಆಮೇಲೆ ತಮ್ಮ ಇರುವವರೆಗೆ. ಈಗ ಇಬ್ಬರೂ ಇಲ್ಲ.

ಎಮರಾಲ್ಡ್ ಅಣೆಕಟ್ಟಿನ ಮೇಲಿರುವ ನಮ್ಮ ಹಟ್ಟಿಯಲ್ಲಿ ಕ್ಯಾರೆಟ್ ಹರಡುವುದಕ್ಕೆ ಒಂದು ಸಿಮೆಂಟ್ ಕಣವಿದೆ. ತಮ್ಮನ ಮಗಳು ಊಟಿಯಲ್ಲಿ ಚಕ್ರದ ಬೂಟು ತೊಟ್ಟು ಆಡುವ ಹಾಕಿ ಆಟ ಕಲಿತು ಬಂದು, ಆ ಕಣದಲ್ಲೇ ಮಕ್ಕಳಿಗೆ ಕಲಿಸುತ್ತಿದ್ದಳು. ಅವರಲ್ಲಿ ಕೆಲವರನ್ನು ಲಡಾಖಿಗೆ ಐಸ್ ಮೇಲಿನ ಹಾಕಿ ಆಡಲು ಕರೆದಾಗ ಹಟ್ಟಿಯ ಕೂಟದಲ್ಲಿ ವಾದ ಎದ್ದಿತು.

"ಐಸೇ ಇಲ್ಲದ ಊರಿಗೆ ಐಸ್ ಹಾಕಿ ಏಕ? ಫ್ರಿಜ್ಜಿನೊಳಗೆ ಆಡಿಸ್ತೀಯಾ?" ಎಂದು ಒಬ್ಬರು ನಗಿಸಿದರು.

"ಚಿಕ್ಕವರು ಚಕ್ರದ ಮೇಲೇ ಆಡಲಿ. ಮೈಗೆ ಮೈ ಗುದ್ದೋದು ಬೇಡ. ದೊಡ್ಡವರಾದ ಮೇಲೆ ಬೇಕಾದವರು ಐಸಿಗೆ ಹೋಗಲಿ," ಎಂದಳು ಅವಳು.

ನನಗೆ ಅದು ಹಿಡಿಸಲಿಲ್ಲ. ಚಿಕ್ಕಂದಿನಲ್ಲೇ ಐಸ್ ಮೇಲೆ ನಿಲ್ಲದವರು ಮುಂದೆ ನಿಲ್ಲಲಾರರು, ನಮ್ಮ ಚಳಿಯಲ್ಲಿ ಇಲ್ಲೇ ಐಸ್ ಮಾಡಬಹುದು ಎಂದೆ.

"ದೊಡ್ಡಪ್ಪಗೆ ಚಳಿ ತಲೆಗೇರಿತು," ಎಂದಳು. ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು.

ಅದು ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುವ ಕಾಲ. ಮಂಜಿಗೆ ಚಹಾ ಎಲೆ ಸುಟ್ಟುಹೋಗದಂತೆ ಬಿಸಿಲೇರುವ ಮೊದಲು ಗಿಡಗಳಿಗೆ ಪೈಪಿನಿಂದ ನೀರು ಚಿಮುಕಿಸುತ್ತೇವೆ. ಆ ಪೈಪು ನನ್ನ ಕೈಯಲ್ಲಿತ್ತು. ಮರುದಿನ ಸಂಜೆ, ಯಾರೂ ಕಾಣದ ಹೊತ್ತಿನಲ್ಲಿ, ಅದನ್ನು ಕಣದ ಕಡೆ ತಿರುಗಿಸಿದೆ. ಬೆಳಗ್ಗೆ ಎಲ್ಲರನ್ನೂ ಕರೆದು ತೋರಿಸುವ ಆಸೆ.

ಮಕ್ಕಳಿಗಿಂತ ಮೊದಲೇ ಅವಳು ಕಣಕ್ಕೆ ಇಳಿಯುತ್ತಾಳೆಂಬುದು ನನಗೆ ಗೊತ್ತಿತ್ತು. ಆದರೂ ಕಾಫಿ ಕುಡಿಯುತ್ತಾ ಕುಳಿತಿದ್ದೆ. ಮಂಜಿನೊಳಗಿಂದ ಚಕ್ರದ ಸದ್ದು ಒಂದು ಸುತ್ತು ಬಂತು. ಎರಡನೆಯ ಸುತ್ತು ಅರ್ಧಕ್ಕೇ ನಿಂತಿತು. ಕೂಗಿಲ್ಲ, ಕರೆಯಿಲ್ಲ. ನಾನು ಏಳಲಿಲ್ಲ. ಲೋಟ ಕೈಯಲ್ಲೇ ತಣ್ಣಗಾಯಿತು. ಕೊನೆಗೆ ಹೋದಾಗ ಅವಳು ಕಣ್ಣು ತೆರೆದೇ ಮಲಗಿದ್ದಳು. ಕೂದಲು ಐಸ್ ಕಟ್ಟಿದ ನೆಲಕ್ಕೆ ಅಂಟಿತ್ತು.

ಸೊಂಟದ ಮೂಳೆ ಮುರಿದಿತ್ತು. ಮುಂದಿನ ಕೂಟಕ್ಕೆ ಕೋಲೂರಿಕೊಂಡು ಬಂದು ಹೇಳಿದಳು: "ನೆಲ ನೋಡದೆ ಇಳಿದದ್ದು ನನ್ನ ತಪ್ಪು. ನನ್ನ ನಂಬಿ ಮಕ್ಕಳನ್ನ ಬಿಡಬೇಡಿ." ನಮ್ಮಲ್ಲಿ ಹಿರಿಯನು ಸುಮ್ಮನಿದ್ದರೆ ಒಪ್ಪಿದಂತೆ. ನಾನು ಸುಮ್ಮನಿದ್ದೆ. ಆಟ ನಿಂತಿತು.

ಈಗಲೂ ಮಂಜು ಬಿದ್ದ ಬೆಳಗ್ಗೆ ಆ ಸದ್ದು ಕೇಳುತ್ತದೆ: ಒಂದು ಸುತ್ತು, ಮತ್ತೆ ಅರ್ಧ. ಹೋಗಿ ನೋಡಿದ್ದೇನೆ. ಕಣದ ಸುತ್ತಲಿನ ಬಿಳಿ ಹುಲ್ಲಿನ ಮೇಲೆ ಯಾರ ಹೆಜ್ಜೆಯೂ ಇರುವುದಿಲ್ಲ.

ಕಳೆದ ತಿಂಗಳು ಹುಡುಗರು ಆಟವನ್ನು ಮತ್ತೆ ಶುರುಮಾಡಬೇಕೆಂದು ಅವಳನ್ನು, ಈಗ ಅವಳಿರುವ ಗೂಡಲೂರಿನಿಂದ ಕರೆಸಿದರು. "ನನ್ನ ಕಣ್ಣನ್ನ ನಾನೇ ನಂಬಲಾರೆ," ಎಂದು ಒಪ್ಪಲಿಲ್ಲ. ಹೊರಡುವ ಮುನ್ನ ನನ್ನ ಮುಂದೆ ತಲೆ ಬಾಗಿಸಿದಳು. ವಾಡಿಕೆಯಂತೆ ತಲೆಯ ಮೇಲೆ ಕೈಯಿಟ್ಟೆ. ಬಾಗಿದ ತಲೆ ಎತ್ತದೆಯೇ ಕೇಳಿದಳು:

"ದೊಡ್ಡಪ್ಪ, ಅಂದು ಹುಲ್ಲೆಲ್ಲ ಬೆಳ್ಳಗಿತ್ತು. ಕಣ ಮಾತ್ರ ಏಕ ಕಪ್ಪಗೆ ಹೊಳೀತಿತ್ತು?"

"ಮಂಜು ಒಂದೊಂದು ಕಡೆ ಹಾಗೇ," ಎಂದೆ.

ಅವಳು ತಲೆಯಾಡಿಸಿದ್ದು ನನ್ನ ಅಂಗೈಗೆ ತಿಳಿಯಿತು. ನಾನು ಕ್ಷಮೆ ಕೇಳದೆ ಕಳಿಸಿದ್ದು ಅವಳನ್ನು, ನನ್ನ ತಮ್ಮನ ಮಗಳನ್ನು.